ಜೆಂಬೆಯ ಬಾಣಂತನ

ಹೀಟರ್ ಹಚ್ಚಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಠದಲ್ಲಿ ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಶುರುಮಾಡುತ್ತಾರೆ. ಆದರೆ ಯಾರೇ ಹೇಳಲಿ, ಹೀಟರ್ ಹಚ್ಚುವವನು ಮಾತ್ರ ನಾನೇ ಆಗಿರುತ್ತೇನೆ.

ಕಾಶಿಯಲ್ಲಿ ಕರ್ನಾಟಕದವರ ಒಂದು ಮಠದ ಯಾತ್ರಿನಿವಾಸ ನೋಡಿಕೊಳ್ಳುವುದು ನನ್ನ ಕೆಲಸ. ಆ ಚಳಿಗಾಲದಲ್ಲಿ ಸಾರನಾಥದ ಒಂದು ಸಂಸ್ಥೆಯವರು ದೇಶವಿದೇಶಗಳ ಹಾಡು ಕುಣಿತಗಳ ಉತ್ಸವ ಇಟ್ಟುಕೊಂಡಿದ್ದರು. ಅವರ ಅತಿಥಿಗೃಹ ತುಂಬಿಹೋಗಿ, ಆಫ್ರಿಕಾದ ಗ್ಯಾಂಬಿಯಾದಿಂದ ಬರುವ ಒಂದು ತಂಡಕ್ಕೆ ಜಾಗ ಸಿಗದೆ, ನಮ್ಮ ಬುದ್ಧಿಯವರನ್ನು ಕೇಳಿಕೊಂಡರು. ಬುದ್ಧಿಯವರು ಅಂದರೆ ನಮ್ಮ ಸ್ವಾಮಿಗಳು. ಅವರು ನನ್ನನ್ನು ಕರೆದು, "ಮನಿಗೆ ಬಂದೋರನ್ನ ಹೆಂಗ ನೋಡ್ಕೋಬೇಕಂತ ನಿನಗೇನ ಹೇಳೂದೈತಿ?" ಅಂದರು. ಹೇಳಬೇಕಾಗಿತ್ತು ಅಂತ ಆಮೇಲೆ ಇಬ್ಬರಿಗೂ ಅನ್ನಿಸಿತು.

ಸೋಮವಾರ ಮಧ್ಯಾಹ್ನ ಬಂದರು, ಐದು ಜನ. ತಂಡದ ಯಜಮಾನರು, ವಯಸ್ಸಾದವರು. ಅವರ ತಮ್ಮನ ಮಗಳು, ಇಪ್ಪತ್ತೈದರ ಆಸುಪಾಸು. ದೊಡ್ಡ ಡೋಲು ಬಾರಿಸುವ ಒಬ್ಬ, ಅವನು ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ. ಕುಣಿಯುವವರು ಇಬ್ಬರು, ಗಂಡಹೆಂಡತಿ. ಜೊತೆಗೆ ಎರಡು ಜೆಂಬೆ. ಜೆಂಬೆ ಅಂದರೆ ಒಂದೇ ಮರದಲ್ಲಿ ಕೊರೆದ ಡೋಲು: ಮೇಲೆ ಅಗಲ ಬಾಯಿ, ಸಣ್ಣ ನಡು, ತಲೆಗೆ ಮೇಕೆ ಚರ್ಮ, ಮೈಸುತ್ತ ಹಗ್ಗದ ಬಿಗಿತ. ಒಂದನ್ನು ಆಟೋದ ಹಿಂದೆ ಸಾಮಾನಿನ ಜೊತೆ ಹಾಕಿ ತಂದರು. ಇನ್ನೊಂದನ್ನು ಆ ಹುಡುಗಿ ತೊಡೆಯ ಮೇಲೆ ಕೂರಿಸಿಕೊಂಡು ತಂದಳು. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಆಗಲೇ ತಿಳಿಯಬೇಕಿತ್ತು.

ತಿಳಿದದ್ದು ಸಂಜೆ ರೊಟ್ಟಿ ಊಟಕ್ಕೆ ಕೂತಾಗ. ಯಜಮಾನರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವರ ಕುಣಿತದಲ್ಲಿ ಯಾರೂ ಹೆಜ್ಜೆ ಎಣಿಸುವುದಿಲ್ಲವಂತೆ. ಮುಂದಾಳು ಜೆಂಬೆ ಒಂದು ಕರೆ ಕೊಡುತ್ತದೆ, ನಾಲ್ಕಾರು ಪೆಟ್ಟಿನ ಒಂದು ತುಂಡು. ಅದು ಕಿವಿಗೆ ಬಿದ್ದ ಕೂಡಲೆ ಕುಣಿಯುವವರು ಹೆಜ್ಜೆ ಬದಲಿಸಬೇಕು. ಬೀಳದಿದ್ದರೆ ಅದೇ ಹೆಜ್ಜೆಯಲ್ಲೇ ಇರಬೇಕು, ಕಾಲು ಬಿದ್ದುಹೋದರೂ ಸರಿ.

"ಹಾಗಾದರೆ ಇವರನ್ನು ಕುಣಿಸೋದು ಡೋಲು," ಅಂದೆ.

"ಕುಣಿಸೋದಲ್ಲ, ಕರೆಯೋದು. ಕರೆದರೆ ಬರಬೇಕು ಅಂತ ಅವರಿಗೇ ಅನ್ನಿಸಬೇಕು."

ಇಷ್ಟು ವರ್ಷ ಕರೆದವರು ಅವರೇ. ಈಗ ಬಲಗೈ ಮಣಿಕಟ್ಟು ಊದಿಕೊಂಡು ರೊಟ್ಟಿ ಮುರಿಯುವುದೂ ಕಷ್ಟವಾಗಿತ್ತು. ಅದಕ್ಕೇ ಶನಿವಾರ ಸಾರನಾಥದಲ್ಲಿ ಮೊದಲ ಸಲ ತಮ್ಮನ ಮಗಳನ್ನು ಮುಂದಾಳು ಜೆಂಬೆಗೆ ಕೂರಿಸುವುದು ಅಂತ ಮಾಡಿದ್ದರು. ಅವಳ ಕರೆಗೆ ಕುಣಿಯುವವರು ಬಂದರೆ, ಮುಂದಿನ ಎರಡು ತಿಂಗಳ ಪ್ರವಾಸವೆಲ್ಲ ಅವಳದೇ. ಬರದಿದ್ದರೆ ಕೈ ನೋಯಲಿ ಬಿಡಲಿ, ತಾವೇ ಕೂರುವುದು.

ಹುಡುಗಿ ತಟ್ಟೆ ನೋಡುತ್ತ ಹೇಳಿದಳು, "ನಮ್ಮೂರಲ್ಲಿ ಹೆಣ್ಣುಮಕ್ಕಳ ಕೈಗೆ ಇದನ್ನು ಕೊಡಲ್ಲ. ನಾನು ಮನೆ ಹಿಂದೆ ಬಕೆಟ್ ಬೋರಲು ಹಾಕಿಕೊಂಡು ಕಲಿತೆ. ದೊಡ್ಡಪ್ಪ ಕಿಟಕಿಯಿಂದ ತಪ್ಪು ತಿದ್ದುತ್ತಿದ್ದರು, ನೋಡಿಲ್ಲದ ಹಾಗೆ."

ಬಡಿಸುತ್ತಿದ್ದ ದೊಡ್ಡವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡವ್ವ ಮಠದ ಅಡುಗೆಮನೆಯ ಒಡತಿ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಹಣ್ಣಾದವಳು, ಇಲ್ಲೇ ಬೆಳೆದ ನನಗೆ ಕನ್ನಡ ಕಲಿಸಿದ ಹಿರಿಯರಲ್ಲಿ ಉಳಿದಿರುವ ಒಬ್ಬಳೇ ಒಬ್ಬಳು. ಕೇಳಿ ಅಂದಳು, "ಈ ಹುಡಿಗಿ ಕರದ್ರ ಯಾರು ಬರ್ತಾರೋ ತಮ್ಮಾ? ನಾ ಊಟಕ್ಕ ಕರದ್ರ ನೀವ ಬರೂದಿಲ್ಲ."

ಇನ್ನು ಹೀಟರ್ ವಿಷಯ. ಮಲಗಲು ಹೋಗುವ ಮುಂಚೆ ಹುಡುಗಿ ಜೆಂಬೆಯ ಚರ್ಮದ ಮೇಲೆ ಅಂಗೈ ಆಡಿಸಿ, "ಈ ತೇವ ಇದಕ್ಕೆ ಆಗಿಬರಲ್ಲ" ಅಂದಿದ್ದಳು. ಮಂಜು ಅಂದರೆ ನಾಲ್ಕು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಗಂಗೆಯ ಮೇಲೆ ದೋಣಿಯವರು ಒಬ್ಬರಿಗೊಬ್ಬರು ಕೂಗಿಕೊಂಡೇ ದಾರಿ ಮಾಡಿಕೊಳ್ಳುತ್ತಿದ್ದರು. ಮನೆಗೆ ಬಂದವರನ್ನು ನೋಡಿಕೊಳ್ಳುವುದು ಅಂದರೆ ಅವರ ಡೋಲನ್ನೂ ಅಲ್ಲವೇ? ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ, ಡೋಲು ಇಟ್ಟಿದ್ದ ಕೋಣೆಗೆ ನನ್ನ ಸ್ವಂತ ರಾಡ್ ಹೀಟರ್ ಒಯ್ದು, ಮುಂದಾಳು ಜೆಂಬೆಯ ಮುಖಕ್ಕೆ ತಿರುಗಿಸಿ ಹಚ್ಚಿಟ್ಟೆ. ಸ್ನಾನ ಮುಗಿಸಿ, ಪೂಜೆ ಮುಗಿಸಿ, ಗದಗಿನ ಕಡೆಯ ಯಾತ್ರಿಕರಿಗೆ ಕೋಣೆ ತೋರಿಸಿ, ಚಹಾ ಕುಡಿಯುತ್ತಿದ್ದಾಗ ಒಳಗಿಂದ ಟಪ್ಪ್ ಅಂತ ಒಂದು ಸದ್ದು ಬಂತು. ತೆಂಗಿನಕಾಯಿ ಒಡೆದ ಹಾಗೆ.

ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು.

ಹುಡುಗಿ ಓಡಿ ಬಂದಳು. ಹೀಟರ್ ನೋಡಿದಳು, ನನ್ನನ್ನು ನೋಡಿದಳು, ಹೀಟರ್ ಆರಿಸಿದಳು. ಬದಲಿ ಚರ್ಮ ಒಂದು ತಂದಿದ್ದರಂತೆ, ವಿಮಾನ ಇಳಿದ ಕಡೆ ಕಸ್ಟಮ್ಸಿನವರು ಪ್ರಾಣಿಯ ಚರ್ಮ ಅಂತ ಹಿಡಿದಿಟ್ಟುಕೊಂಡಿದ್ದರು. ಚರ್ಮ ಸಿಕ್ಕರೂ ಹಗ್ಗ ಎಳೆದು ಬಿಗಿಯಲು ಯಜಮಾನರ ಕೈ ಕೇಳುವಂತಿರಲಿಲ್ಲ. ಇನ್ನೊಂದು ಜೆಂಬೆ ಜೊತೆ ಕೊಡಲು ಮಾಡಿದ್ದು. ಅದರ ದನಿ ದಪ್ಪ, ಕರೆದರೆ ದೊಡ್ಡ ಡೋಲಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ.

"ಚಿಂತೆ ಬೇಡ," ಅಂದೆ, ಎದೆ ಸ್ವಲ್ಪ ಉಬ್ಬಿಸಿಯೇ. "ನೀವು ಬಂದಿರುವುದು ಬನಾರಸ್ಸಿಗೆ. ಇಲ್ಲಿ ಡೋಲು ಕಟ್ಟುವವರಿಗೆ ಬರವೇ?"

ಗೋದೌಲಿಯಾದ ಹಿಂದಿನ ಗಲ್ಲಿಯಲ್ಲಿ ನಮ್ಮ ಮಠದ ಭಜನೆಯ ತಬಲ ಕಟ್ಟಿಕೊಡುವ ಒಬ್ಬ ಮುದುಕರಿದ್ದಾರೆ. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ಹುಡುಗಿ, ನಾನು, ಗಾಯಾಳು ಜೆಂಬೆ, ಮೂವರೂ ಹೋದೆವು. ಚಾಚಾ ಅದನ್ನು ಸುತ್ತ ತಿರುಗಿಸಿ ನೋಡಿದರು, ಒಳಗೆ ಮೂಗು ಹಾಕಿ ಮರದ ವಾಸನೆ ನೋಡಿದರು.

"ಕಾ ಗುರು," ಅಂದರು ನನಗೆ, ಏನಪ್ಪಾ ಅನ್ನುವ ಬನಾರಸಿ ವರಸೆಯಲ್ಲಿ, "ಈ ತಬಲ ಏನು ತಿಂದು ಇಷ್ಟೆತ್ತರ ಬೆಳೀತು?"

ಆಮೇಲೆ ನನ್ನ ಭಾಷಾಂತರ ಯಾರಿಗೂ ಬೇಕಾಗಲಿಲ್ಲ. ಹುಡುಗಿ ಚರ್ಮವನ್ನು ಹಿಡಿದಿಡುವ ಕಬ್ಬಿಣದ ಬಳೆ ಎಲ್ಲಿ ಕೂರಬೇಕು ಅಂತ ಬೆರಳಲ್ಲಿ ತೋರಿಸಿದಳು, ಚಾಚಾ ಹಗ್ಗದ ಗಂಟನ್ನು ಬಿಚ್ಚಿ ಕಟ್ಟಿ ತೋರಿಸಿದರು, ಅವಳು ತಲೆ ಆಡಿಸಿದಳು, ಅವರು ಇನ್ನೊಂದು ರೀತಿ ಕಟ್ಟಿದರು, ಅವಳು ಚಪ್ಪಾಳೆ ಹೊಡೆದಳು. ಚರ್ಮ ಆರಿಸಲು ಮಾತ್ರ ಅರ್ಧ ಗಂಟೆ ಹಿಡಿಯಿತು. ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆನ್ನುಮೂಳೆಯ ಗೆರೆ ನಟ್ಟನಡುವೆ ಬರುವಂಥದ್ದನ್ನು ಹುಡುಕಿದರು. ನೆನೆಹಾಕಿ, ಕೂರಿಸಿ, ಬಿಗಿದು, ಗುರುವಾರ ಕೊಡುವುದು ಅಂತಾಯಿತು. ಹುಡುಗಿ ಅಭ್ಯಾಸಕ್ಕೆ ಅಂತ ಇ-ರಿಕ್ಷಾ ಹತ್ತಿದಳು. ನಾನು ಚಹಾಕ್ಕೆ ಉಳಿದೆ.

ಉಳಿಯಬಾರದಿತ್ತು.

"ಚರ್ಮ ಕೂರಿಸಿದ ಮೇಲೆ ಮುಂದಿನ ಕೆಲಸ?" ಅಂತ ಕೇಳಿದರು ಚಾಚಾ.

ಕಾಶಿಯಲ್ಲಿ ಕಸುಬುದಾರ ಹೀಗೆ ಕೇಳಿದರೆ ಕೊಡಬೇಕಾದ ಉತ್ತರ ಒಂದೇ. ದರ್ಜಿಗೂ ಅದೇ, ಮಿಠಾಯಿಯವನಿಗೂ ಅದೇ. ಬೇರೆ ಏನು ಹೇಳಿದರೂ ಅವರ ಕೈಮೇಲೆ ನಂಬಿಕೆ ಇಲ್ಲ ಅಂದ ಹಾಗೆ. "ನಿಮಗೆ ತಿಳಿದ ಹಾಗೆ ಮಾಡಿ ಚಾಚಾ," ಅಂದೆ. "ನಿಮಗೆ ಹೇಳಿಕೊಡೋಕೆ ನಾನ್ಯಾರು?"

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. ನನಗೂ ಸಂತೋಷವಾಯಿತು.

ಗುರುವಾರ ಬೆಳಿಗ್ಗೆ ಜೆಂಬೆ ಕೆಂಪು ಬಟ್ಟೆಯಲ್ಲಿ ಮದುಮಗಳ ಹಾಗೆ ಸುತ್ತಿಸಿಕೊಂಡು ಬಂತು. ಅಂಗಳದಲ್ಲಿ ಎಲ್ಲರೂ ಸೇರಿದರು. ನಾನೇ ಬಟ್ಟೆ ಬಿಚ್ಚಿದೆ.

ಚರ್ಮದ ನಟ್ಟನಡುವೆ, ಜೋಳದ ರೊಟ್ಟಿಯ ಅರ್ಧದಷ್ಟು ಅಗಲಕ್ಕೆ, ಕಪ್ಪಗೆ, ದುಂಡಗೆ, ನುಣ್ಣಗೆ ಒಂದು ಬೊಟ್ಟು ಹೊಳೆಯುತ್ತಿತ್ತು. ತಬಲದ ನಡುವೆ ಇರುತ್ತದಲ್ಲ, ಅದೇ. ಇಲ್ಲಿ ಸ್ಯಾಹಿ ಅನ್ನುತ್ತಾರೆ, ನಮ್ಮಲ್ಲಿ ಕರಣೆ. ಕಬ್ಬಿಣದ ಪುಡಿಯನ್ನು ಗಂಜಿಯಲ್ಲಿ ಕಲಸಿ, ಪದರದ ಮೇಲೆ ಪದರ ಬಳಿದು, ಒಂದೊಂದನ್ನೂ ಕಲ್ಲಿನಿಂದ ಉಜ್ಜಿ ಕೂರಿಸಬೇಕು. ಅಷ್ಟಗಲದ್ದು ಮಾಡಲು ಚಾಚಾ ಒಂದು ಹಗಲು ಪೂರ್ತಿ ಕೂತಿರಬೇಕು. ಪ್ರೀತಿಯಿಂದ ಮಾಡಿದ್ದರು. ಬೊಟ್ಟಿಲ್ಲದ ಮುಖವನ್ನು ಹಾಗೇ ಕಳಿಸಲು ಅವರ ಕೈ ಒಪ್ಪಿರಲಿಲ್ಲ.

ಹುಡುಗಿ ಕೂತು ಅಂಚಿನಲ್ಲಿ ಬಡಿದಳು. ಇಂಪಾಗಿಯೇ ಇತ್ತು. ನಡುವೆ ಅಂಗೈ ಹಾಕಿದಳು. ನೆಲ ನಡುಗಿಸುವ ಧಿಮ್ಮ್ ಬರಬೇಕಾದ ಕಡೆ ಟೊಂಯ್ ಅಂತು. ಶೀತವಾದ ತಬಲದ ದನಿ.

ಕುಣಿಯುವ ಗಂಡ ನಕ್ಕುಬಿಟ್ಟ. ಹೆಂಡತಿ ಅವನ ಕಾಲು ತುಳಿದಳು.

ಯಜಮಾನರು ಮೆಲ್ಲಗೆ ಹೇಳಿದರು, "ಶನಿವಾರ ಮಧ್ಯಾಹ್ನದವರೆಗೆ ನೋಡೋಣ. ಅಷ್ಟರಲ್ಲಿ ಇದಕ್ಕೆ ಇದರ ದನಿ ಬರದಿದ್ದರೆ ಇನ್ನೊಂದರ ಮೇಲೆ ನಾನು ಕೂರ್ತೀನಿ. ನಾನು ಬಾಗಿಲು ಬಡಿದರೂ ಇವರಿಬ್ಬರು ಬರ್ತಾರೆ, ಅಭ್ಯಾಸವಾಗಿದೆ. ನೀನು ಮುಂದಿನ ಸಲ ಕೂರುವಿಯಂತೆ." ಹುಡುಗಿ ಜೆಂಬೆ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತಳು. ಮುಂದಿನ ಸಲ ಅನ್ನುವುದರ ಅರ್ಥ ಅವಳಿಗೆ ಗೊತ್ತಿತ್ತು.

ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. 'ಛೆ, ಈ ಮುದುಕ ಎಂಥ ಕೆಲಸ ಮಾಡಿಬಿಟ್ಟ!' ತಂಡದವರಿಗೆ ಹಿಂದಿ ಬರದು, ಚಾಚಾಗೆ ಇಂಗ್ಲಿಷ್ ಬರದು, ನಡುವೆ ಇರುವವನು ನಾನೊಬ್ಬನೇ. ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆ ಕಿಟಕಿಯಿಂದ ದೊಡ್ಡವ್ವನ ದನಿ ಬಂತು.

"ಆ ಚಾಚಾ ತಾನಾಗೇ ಬೊಟ್ಟ ಇಟ್ನೋ, ನೀ ಏನರ ಅಂದಿದ್ಯೋ?"

ಮೆಟ್ಟಿಲ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿ ಕೇಳಿಕೊಂಡಳು.

"ಅವರಿಗೆ ತಿಳಿದ ಹಾಗೆ ಮಾಡಿ ಅಂದಿರಿ."

"ಹೌದು."

"ಅವರಿಗೆ ತಿಳಿದಿರೋದು ತಬಲ."

"ಹೌದು."

ಬೊಟ್ಟಿನ ಮೇಲೆ ಬೆರಳಾಡಿಸಿ ಅಂದಳು, "ನಮ್ಮ ದೊಡ್ಡಪ್ಪನ ಕೈಗೆ ಯಾರಾದರೂ ತಬಲ ರಿಪೇರಿಗೆ ಕೊಟ್ಟಿದ್ದರೆ, ಅದರ ಬೊಟ್ಟನ್ನ ಕೊಳೆ ಅಂತ ತಿಕ್ಕಿ ತೊಳೆದು ಕೊಡುತ್ತಿದ್ದರು." ಯಜಮಾನರು ಆಕಾಶ ನೋಡಿದರು. ಅಲ್ಲೂ ಮಂಜೇ ಇತ್ತು.

ಏನು ಮಾಡುವುದು ಅಂತ ಚರ್ಚೆಯಾಯಿತು. ಚರ್ಮ ಕಿತ್ತು ಬೇರೆ ಕೂರಿಸಿದರೆ ಈ ಮಂಜಿನಲ್ಲಿ ಎರಡು ದಿನದಲ್ಲಿ ಒಣಗದು. ಬೊಟ್ಟು ಕೆರೆದು ತೆಗೆಯಬಹುದು, ಆದರೆ ಅದಕ್ಕೂ ಒದ್ದೆ ಮಾಡಬೇಕು, ಕೆರೆಯುವಾಗ ಚರ್ಮ ಹರಿದರೆ ಮುಗಿಯಿತು. ಹಾಗೇ ಬಿಟ್ಟರೆ ಚರ್ಮವಂತೂ ಉಳಿಯುತ್ತದೆ, ಮುಂದೆ ನಿಧಾನವಾಗಿ ಸರಿಮಾಡಿಕೊಳ್ಳಬಹುದು. ಯಜಮಾನರು ಹಾಗೇ ಬಿಡು ಅನ್ನುವವರಿದ್ದರು. ಹುಡುಗಿ ಎದ್ದು ನಿಂತಳು.

"ಕೆರೆಯೋಣ. ಆದರೆ ಇಟ್ಟವರೇ ತೆಗೀಬೇಕು. ಎಷ್ಟು ಪದರ ಇದೆ ಅಂತ ಅವರ ಕೈಗೆ ಗೊತ್ತು."

ಮತ್ತೆ ಅದೇ ಗಲ್ಲಿಗೆ ಹೋದೆವು. ಚಾಚಾ ಮುಖ ಸಿಂಡರಿಸಿದರು. "ತೆಗೀಬೇಕಾ? ಗುರು, ಇಂಥ ಸ್ಯಾಹಿ ನಾನು ನನ್ನ ಮಗನ ತಬಲಕ್ಕೂ ಹಾಕಿಲ್ಲ!" ತೆಗೆಯುವುದಿಲ್ಲ ಅಂತ ತಿರುಗಿ ಕೂತರು. ನಾನು ನನ್ನ ಹಿಂದಿಯನ್ನೆಲ್ಲ ಖರ್ಚುಮಾಡಿದೆ. ಪ್ರಯೋಜನವಾಗಲಿಲ್ಲ. ಹುಡುಗಿ ಜೊತೆಯಲ್ಲಿ ತಂದಿದ್ದ ಇನ್ನೊಂದು ಜೆಂಬೆಯನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಬಾರಿಸತೊಡಗಿದಳು. ಗಲ್ಲಿಯಲ್ಲಿ ಹೋಗುತ್ತಿದ್ದ ಹೋರಿಯೂ ನಿಂತಿತು. ಚಾಚಾ ಮೊದಲು ಕಿವಿ ತಿರುಗಿಸಿದರು, ಆಮೇಲೆ ಕುತ್ತಿಗೆ, ಆಮೇಲೆ ಪೂರ್ತಿ ತಿರುಗಿದರು. ಅವಳ ಮುಖ ನೋಡಲಿಲ್ಲ, ಅಂಗೈ ನೋಡಿದರು. ನಡುವೆ ಬೀಳುತ್ತಿತ್ತು, ಪೂರ್ತಿ ಅಂಗೈ.

"ಇನ್ನೊಮ್ಮೆ ಬಾರಿಸು ಬಿಟಿಯಾ," ಅಂದರು.

ಬಾರಿಸಿದಳು.

"ನಾವು ಬೊಟ್ಟಿಡೋ ಜಾಗದಲ್ಲಿ ಇವರು ಉಸಿರಾಡ್ತಾರೆ," ಅಂದರು ನನ್ನ ಕಡೆ ತಿರುಗಿ, ಗದರುವ ದನಿಯಲ್ಲಿ. "ಮೊದಲೇ ಹೇಳಬಾರದಾಗಿತ್ತಾ ಮ್ಯಾನೇಜರ್ ಸಾಹೇಬರೇ?" ಒದ್ದೆ ಬಟ್ಟೆ ತೆಗೆದುಕೊಂಡರು, ಬಿದಿರಿನ ಚೂರಿ ತೆಗೆದುಕೊಂಡರು. ಮೂರು ಗಂಟೆ ಹೊತ್ತು ನಾವು ಯಾರೂ ಗಟ್ಟಿಯಾಗಿ ಉಸಿರು ಬಿಡಲಿಲ್ಲ. ಚರ್ಮ ಹರಿಯಲಿಲ್ಲ. ಬೊಟ್ಟು ಇದ್ದ ಕಡೆ ಬೂದುಬಣ್ಣದ ಒಂದು ಮಚ್ಚೆ ಮಾತ್ರ ಉಳಿಯಿತು. ಆದರೆ ಚರ್ಮ ನೆನೆದ ಹಪ್ಪಳವಾಗಿತ್ತು.

ಮಠಕ್ಕೆ ತಂದಾಗ ಗುರುವಾರ ಸಂಜೆ. ದೊಡ್ಡವ್ವ ಬಾಗಿಲಲ್ಲೇ ತಡೆದಳು. "ಚರ್ಮಾ ನನ್ನ ಒಲಿ ಹತ್ರ ತರಬ್ಯಾಡ." ಅಂದವಳು ಬಗ್ಗಿ, ಎರಡು ಬೆರಳಿಟ್ಟು ಚರ್ಮದ ನಡುವೆ ಮೆಲ್ಲಗೆ ಒತ್ತಿ ನೋಡಿದಳು. ಅವಳ ಮುಖವೇ ಬೇರೆಯಾಯಿತು.

"ಅಯ್ಯ ಶಿವನ, ನೆತ್ತಿ ಇನ್ನಾ ಹಸಿ ಐತಲ್ಲೋ! ಎಳೇ ಕೂಸಿಗೆ ಹೀಟರ್ ಹಿಡದಂವ ಯಾವನು?"

ಎಲ್ಲರೂ ನನ್ನನ್ನು ನೋಡಿದರು. ಕನ್ನಡ ಬರದವರೂ ನೋಡಿದರು.

ಮುಂದಿನದು ದೊಡ್ಡವ್ವನ ರಾಜ್ಯ. ಬಚ್ಚಲುಮನೆಯ ಪಕ್ಕದ ಪಡಸಾಲೆಯಲ್ಲಿ ಹಗ್ಗದ ಹೊರಸು ಹಾಕಿಸಿದಳು. ಅದರ ಕೆಳಗೆ ಬೋರ್ಸಿ. ಚಳಿಗಾಲದಲ್ಲಿ ಇಲ್ಲಿನ ಮನೆಮನೆಯಲ್ಲಿ ಬೆಂಕಿ ಕಾಯಿಸಿಕೊಳ್ಳುವ ಮಣ್ಣಿನ ಕುಂಡ ಅದು. ಅದಕ್ಕೆ ಕುಳ್ಳು, ಮೇಲೆ ಹೊಟ್ಟು, ಉರಿ ಏಳಬಾರದು, ಒಳಗೊಳಗೇ ಕನಲಬೇಕು. ಮೇಲೆ ಬಿದಿರಿನ ಬುಟ್ಟಿ ಬೋರಲು. ಹೊರಸಿನ ಮೇಲೆ ಜೆಂಬೆ, ತಲೆ ಕೆಳಗಾಗಿ. ನಮ್ಮ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ಕೂದಲಿಗೆ ಲೋಬಾನದ ಹೊಗೆ ಹಾಕುವುದು ಹೇಗೋ, ಅಕ್ಷರಶಃ ಹಾಗೆ. ಲೋಬಾನವನ್ನೂ ಹಾಕಿದಳು.

"ಅದು ಯಾಕ ದೊಡ್ಡವ್ವಾ? ಡೋಲಿಗೆ ಲೋಬಾನ?"

"ನಿನ್ನ ಕೇಳಿದ್ನೇನು?"

ಗಂಟೆಗೊಮ್ಮೆ ಬಂದು ಚರ್ಮದ ಕೆಳಗೆ ಅಂಗೈ ಹಿಡಿಯುವಳು. ಬಿಸಿ ಹೆಚ್ಚಾದರೆ ಬೂದಿ ಮುಚ್ಚುವಳು. ಶುಕ್ರವಾರ ಯಜಮಾನರೂ ಬಂದು, ಅವಳು ಅಂಗೈ ಹಿಡಿದ ಜಾಗದಲ್ಲೇ ತಮ್ಮ ಎಡಗೈ ಹಿಂಬದಿ ಹಿಡಿದು, ಬೋರ್ಸಿಯನ್ನು ಒಂದು ಗೇಣು ಸರಿಸಿದರು. ದೊಡ್ಡವ್ವ ಅರ್ಧ ಗೇಣು ವಾಪಸು ಸರಿಸಿದಳು. ಅವರು ತಮ್ಮ ಮಂಡಿಂಕಾ ಭಾಷೆಯಲ್ಲಿ ಏನೋ ಹೇಳಿದರು, ಇವಳು ಕನ್ನಡದಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಮಾತಾಡಿಕೊಂಡರು.

"ಏನಂದ್ರು ದೊಡ್ಡವ್ವಾ?"

"ನನಗೇನ ಗೊತ್ತು? ಸರಿ ಅಂದ್ರು."

ಗದಗಿನ ಕಡೆಯ ಯಾತ್ರಿಕ ಹೆಂಗಸರು ಹೊಗೆ ನೋಡಿ, ಯಾರ ಬಾಣಂತನ ಅಂತ ಕೇಳಿಕೊಂಡು ಬಂದರು. ನೋಡಿದ ಮೇಲೂ ಒಬ್ಬಾಕೆಗೆ ಬರಿಗೈಲಿ ಹೋಗಲು ಮನಸ್ಸಾಗಲಿಲ್ಲ. ಚೀಲದಿಂದ ಎರಡು ಅಂಟಿನುಂಡೆ ತೆಗೆದು ಹೊರಸಿನ ಮೇಲಿಟ್ಟಳು. ಡೋಲಿನ ಪರವಾಗಿ ಹುಡುಗಿ ತಿಂದಳು.

ಶನಿವಾರ ಮಧ್ಯಾಹ್ನ. ಯಜಮಾನರು ಅಂಗಳದಲ್ಲಿ ಪರೀಕ್ಷೆ ಇಟ್ಟರು. ಕುಣಿಯುವ ಇಬ್ಬರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು, ಕೈ ಕಂಡು ಬರಬಾರದು, ಕಿವಿಗೆ ಬಿದ್ದೇ ಬರಬೇಕು ಅಂತ. ಮೌನಿ ದೊಡ್ಡ ಡೋಲು ಶುರುಮಾಡಿದ. ಇಬ್ಬರೂ ಮೊದಲ ಹೆಜ್ಜೆ ಹಾಕತೊಡಗಿದರು. ಹುಡುಗಿ ಜೆಂಬೆಯನ್ನು ಮೊಣಕಾಲ ನಡುವೆ ಹಿಡಿದು ಕರೆ ಕೊಟ್ಟಳು.

ಯಾರೂ ತಿರುಗಲಿಲ್ಲ.

ಇನ್ನೊಮ್ಮೆ ಕೊಟ್ಟಳು. ಅದೇ ಹೆಜ್ಜೆ, ಅದೇ ಗೋಡೆ. ಯಜಮಾನರು ಬಂದು ಚರ್ಮಕ್ಕೆ ಒಂದು ಬೆರಳಿನಿಂದ ಟಕ್ ಅಂತ ಹೊಡೆದು ಕಿವಿಗೊಟ್ಟರು. ಹುಬ್ಬೇರಿಸಿದರು. "ಡೋಲು ಸರಿಯಾಗಿದೆ," ಅಂದರು. ಅಷ್ಟೇ ಅಂದು, ಇನ್ನೊಂದು ಜೆಂಬೆಯ ಹತ್ತಿರ ಹೋಗಿ ನಿಂತರು, ಅಂಗಿಯ ತೋಳು ಮಡಿಸತೊಡಗಿದರು.

ಸಮಸ್ಯೆ ಡೋಲಿನದಲ್ಲ. ಎರಡು ದಿನ ನಾವೆಲ್ಲ ಅದರ ನೆತ್ತಿ ಮುಟ್ಟಿ, ಹೊಗೆ ಹಾಕಿ, ಬೆಚ್ಚಗೆ ಹೊದಿಸಿ ಏನು ಮಾಡಿಟ್ಟಿದ್ದೆವೆಂದರೆ, ಆ ಹುಡುಗಿಗೆ ಅದನ್ನು ಹೊಡೆಯಲು ಕೈ ಬರುತ್ತಿರಲಿಲ್ಲ. ತಟ್ಟುತ್ತಿದ್ದಳು, ಕೂಸು ಮಲಗಿಸುವ ಹಾಗೆ.

ಇದನ್ನು ಮೊದಲು ಕಂಡದ್ದು ದೊಡ್ಡವ್ವ. ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಇಳಿದಳು.

"ಏ ಹುಡಿಗೀ! ಮಲಗಿಸೂದ ಸಾಕು, ಎಬ್ಬಸು! ನಾ ಏನ ಇದನ್ನ ತೊಟ್ಟಲದಾಗ ಹಾಕಾಕ ಕಾಸೀನೇನು? ಹೊಡಿ!"

ಭಾಷಾಂತರಿಸಲು ಬಾಯಿ ತೆರೆದೆ. ಬೇಕಾಗಲಿಲ್ಲ. ದೊಡ್ಡವ್ವ ಹಿಟ್ಟಿನ ಅಂಗೈಯನ್ನು ಗಾಳಿಯಲ್ಲಿ ಎತ್ತಿ ತೋರಿಸಿದ್ದಳು, ರೊಟ್ಟಿ ಬಡಿಯುವ ಪೆಟ್ಟು. ಹುಡುಗಿ ಅವಳನ್ನೇ ನೋಡುತ್ತ ಕೈ ಎತ್ತಿ ಬಿಟ್ಟಳು.

ಯಾತ್ರಿನಿವಾಸದ ಕಿಟಕಿಗಳು ಅದುರಿದವು. ಗೋಡೆಯ ಹತ್ತಿರದ ಇಬ್ಬರೂ ಬೆನ್ನಿಗೆ ಬಿಸಿನೀರು ಬಿದ್ದವರ ಹಾಗೆ ತಿರುಗಿ ಹಾರಿದರು. ಅವಳು ಮತ್ತೆ ಕರೆದಳು, ಅವರು ಮತ್ತೆ ಬಂದರು. ಮೂರನೆಯ ಕರೆಗೆ ಗದಗಿನ ಹೆಂಗಸರಲ್ಲಿ ಒಬ್ಬಾಕೆಯೂ ಹೋದಳು, ಅಂಟಿನುಂಡೆ ಕೊಟ್ಟವಳೇ. ಯಜಮಾನರು ತೋಳು ಇಳಿಸಿಕೊಂಡರು. ಇನ್ನೊಂದು ಜೆಂಬೆಯ ಹಿಂದೆ ಕೂತು, ನೋವಿಲ್ಲದ ಎಡಗೈಯಿಂದ ಮಗಳಿಗೆ ಜೊತೆ ಕೊಡತೊಡಗಿದರು.

ಸಾರನಾಥದ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನಾಗಿ ಆಯಿತು. ಚಾಚಾ ಮುಂದಿನ ಸಾಲಿನಲ್ಲಿ ಕೂತು, ಪಕ್ಕದವರಿಗೆಲ್ಲ ಆ ಬೂದು ಮಚ್ಚೆ ತೋರಿಸಿ, "ಅದು ನನ್ನದು" ಅನ್ನುತ್ತಿದ್ದರು. ಸೋನಾರ್‌ಪುರದ ನಮ್ಮ ಮಠದಿಂದ ಅಲ್ಲಿಯವರೆಗೆ ಜೆಂಬೆ ಹೋದದ್ದು ದೊಡ್ಡವ್ವನ ಉಣ್ಣೆಯ ಶಾಲನ್ನು ಕಿವಿಯವರೆಗೂ ಕಟ್ಟಿಸಿಕೊಂಡು. ಆಟೋದವನು ಹಿಂದಿರುಗಿ ನೋಡಿ, ಯಾರಿಗೆ ಹುಷಾರಿಲ್ಲ ಅಂತ ಕೇಳಿ, ಹಳ್ಳಗಳನ್ನೆಲ್ಲ ತಪ್ಪಿಸಿ ಓಡಿಸಿದ.

ಭಾನುವಾರ ಹೊರಟು ನಿಂತಾಗ ಹುಡುಗಿ ಶಾಲು ಬಿಚ್ಚಿ ಕೊಡಲು ಬಂದಳು. ದೊಡ್ಡವ್ವ ತೆಗೆದುಕೊಳ್ಳಲಿಲ್ಲ. "ನಲವತ್ತ ದಿನಾ ಥಂಡಿ ಗಾಳಿಗೆ ಒಡ್ಡಬ್ಯಾಡ ಅಂತ ಹೇಳು," ಅಂದಳು ನನಗೆ. "ಸಂಜೀ ಮುಂದ ಹೊರಗ ಒಯ್ಯೂದು ಬ್ಯಾಡ. ದಿನಾ ಒಂದ ಸರ್ತೆ ಕಾಸಬೇಕು. ಹೀಟರ್ ಮುಟ್ಟಬಾರದು." ಈ ಸಲ ನಾನು ಒಂದು ಮಾತನ್ನೂ ನನಗೆ ತಿಳಿದ ಹಾಗೆ ಮಾಡದೆ, ಹೇಳಿದ್ದನ್ನು ಹೇಳಿದ ಹಾಗೆ ದಾಟಿಸಿದೆ. ಹುಡುಗಿ ಗಂಭೀರವಾಗಿ ತಲೆ ಆಡಿಸಿದಳು.

ಮೂರು ವಾರ ಕಳೆದ ಮೇಲೆ, ಬೆಟ್ಟದ ಊರೊಂದರಿಂದ ಅಲ್ಲಿನ ಆಯೋಜಕರು ಫೋನ್ ಮಾಡಿದರು. ದನಿಯಲ್ಲಿ ಅಳು ಬೆರೆತಿತ್ತು. "ಸ್ವಾಮಿ, ನಿಮ್ಮ ಕಡೆಯಿಂದ ಬಂದ ತಂಡದ ಲೀಡರಮ್ಮ ಇದ್ದಾರಲ್ಲ, ಅವರು ಸಂಜೆ ಕೆರೆ ದಂಡೆಯ ಮೇಲೆ ನುಡಿಸಲ್ಲ ಅಂತಾರೆ. ಒಳಗೇ ಆಗಬೇಕಂತೆ. ಹೋಟೆಲಿನ ಕೋಣೆಗೆ ಕೆಂಡದ ಕುಂಡ ಬೇಕಂತೆ. ಹೀಟರ್ ಕೊಟ್ಟರೆ ಎತ್ತಿ ಹೊರಗಿಟ್ಟರು. ಕೇಳಿದರೆ, ಕಾಶಿಯಲ್ಲಿ ಅಮ್ಮ ಹೇಳಿದ್ದಾರೆ ಅಂತಾರೆ. ಇದೇನು ಅಲ್ಲಿನ ಪದ್ಧತಿಯಾ?"

ಒಂದು ನಿಮಿಷ ಅಂದು ಅಡುಗೆಮನೆಗೆ ಹೋಗಿ ಕೇಳಿದೆ. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಎಡಗೈ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದಳು.

"ಇನ್ನಾ ಹದಿನೇಳ ದಿನಾ ಐತಿ," ಅಂದಳು. "ಕುಂಡ ಕೊಡಾಕ ಹೇಳು."